ಏಟು ತಿಂದ ಹೆಬ್ಬೆಟ್ಟು

ಮಂಡ್ಯ ಸೀಮೆಯ ಊರುಗಳಲ್ಲಿ ಹತಾರ ಇಲ್ಲದ ಮನೆ ಸಿಗುವುದು ಕಷ್ಟ. ಕೊಟ್ಟಿಗೆಯ ಗಳಕ್ಕೆ ಕುಡುಗೋಲು ಸಿಕ್ಕಿಸಿರುತ್ತದೆ. ಮೂಲೆಯಲ್ಲಿ ಗುದ್ದಲಿ, ಹಾರೆ, ಸನಿಕೆ. ಕಬ್ಬು ಕಡಿಯುವ ಮಚ್ಚು ಮಕ್ಕಳ ಕೈಗೆ ಎಟುಕದ ಹಾಗೆ ಅಟ್ಟದ ಮೇಲೆ. ಸುತ್ತಿಗೆ, ಇಕ್ಕಳ ಮಾತ್ರ ಬೇಕಾದ ಹೊತ್ತಿಗೆ ಎಲ್ಲಿವೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮದ್ದೂರಿನ ಎಳನೀರು ಮಾರುಕಟ್ಟೆಯ ಆಸುಪಾಸಿನಲ್ಲಿ, ಇಲ್ಲವೇ ಹೆದ್ದಾರಿ ಪಕ್ಕದಲ್ಲಿ ಎಲ್ಲಾದರೂ, ಎಳನೀರು ಕೊಚ್ಚಿಕೊಡುವವರ ಮುಂದೆ ಒಂದು ಗಳಿಗೆ ನಿಂತು ನೋಡಿ. ಎಲ್ಲರ ಕಣ್ಣೂ ಮಚ್ಚಿನ ಮೇಲೆ ಇರುತ್ತದೆ. ನೀವು ಎಡಗೈ ನೋಡಿ. ಕಾಯಿ ಅಂಗೈಯಲ್ಲಿ ಕೂತಿರುತ್ತದೆ, ಪ್ರತಿ ಏಟಿಗೂ ಒಂದಿಷ್ಟು ತಿರುಗುತ್ತದೆ, ಹೆಬ್ಬೆಟ್ಟು ಮಾತ್ರ ಕಾಯಿಯ ತಳದ ಕಡೆ ಸರಿದುಕೊಂಡು ಮಚ್ಚು ಇಳಿಯುವ ದಾರಿಯಿಂದ ಆಚೆಗೇ ಇರುತ್ತದೆ. ಮಾತಾಡುತ್ತಾ, ಚಿಲ್ಲರೆಯ ಲೆಕ್ಕ ಹೇಳುತ್ತಾ ಕೊಚ್ಚಿದರೂ ಆ ಹೆಬ್ಬೆಟ್ಟು ಜಾಗ ತಪ್ಪುವುದಿಲ್ಲ. ಅದು ವರ್ಷಗಟ್ಟಲೆಯ ರೂಢಿ.

ನಿಮ್ಮ ಹೆಬ್ಬೆಟ್ಟಿಗೆ ಆ ರೂಢಿ ಇಲ್ಲ. ಆಯುಧಪೂಜೆಯ ಹಿಂದಿನ ಸಂಜೆ ತೋರಣ ಕಟ್ಟುವುದಕ್ಕೆ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆಯಬೇಕು. ಬಲಗೈಯಲ್ಲಿ ಸುತ್ತಿಗೆ, ಎಡಗೈ ಹೆಬ್ಬೆಟ್ಟು-ತೋರುಬೆರಳ ನಡುವೆ ಮೊಳೆ. ಮೊದಲ ಎರಡು ಏಟು ಸರಿಯಾಗಿ ಬೀಳುತ್ತವೆ. ಮೂರನೆಯದಕ್ಕೆ ಧೈರ್ಯ ಜಾಸ್ತಿಯಾಗುತ್ತದೆ. ಮಾರನೆಯ ದಿನ ಸುತ್ತಿಗೆಗೆ ಕುಂಕುಮ, ಹೆಬ್ಬೆಟ್ಟಿಗೆ ಬಟ್ಟೆಯ ಪಟ್ಟಿ.

ಏಟು ಬಿದ್ದ ಆ ಕ್ಷಣದಲ್ಲಿ ಏನೇನು ನಡೆಯುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಅಳು ನಿಂತ ಮೇಲೆ ನೆನಪು ಮಾಡಿಕೊಂಡರೆ, ನೋವು ಬಂದದ್ದು ಒಂದು ಸಲವಲ್ಲ, ಎರಡು ಸಲ ಅಂತ ನಿಮಗೇ ಹೊಳೆಯುತ್ತದೆ. ಮೊದಲು ‘ಚುರ್’ ಅಂತ ಚೂಪಾದ ನೋವು. ಒಂದು ಚಣ ಬಿಟ್ಟು, ಕೈಯೆಲ್ಲಾ ಆವರಿಸುವ ಮಂಕು ನೋವು. ಬೆರಳಿನಿಂದ ಮಿದುಳಿನ ಕಡೆ ಹೋಗುವ ನೋವಿನ ನರಗಳಲ್ಲಿ ಎರಡು ಜಾತಿ. ಒಂದು ಜಾತಿಯ ನರಕ್ಕೆ ತೆಳ್ಳನೆಯ ಕೊಬ್ಬಿನ ಹೊದಿಕೆ ಇರುತ್ತದೆ; ಸುದ್ದಿ ಅದರಲ್ಲಿ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಓಡುತ್ತದೆ. ಇನ್ನೊಂದಕ್ಕೆ ಹೊದಿಕೆ ಇಲ್ಲ, ವೇಗವೂ ಸೆಕೆಂಡಿಗೆ ಅರ್ಧದಿಂದ 2 ಮೀಟರ್ ಮಾತ್ರ, ಅಂದರೆ ನಾವು ನಡೆದು ಹೋಗುವಷ್ಟು. ನಿಮ್ಮ ತೋಳಿನ ಉದ್ದ ಅರ್ಧ ಮೀಟರಿಗೆ ತುಸು ಮೇಲೆ ಅಂತಿಟ್ಟುಕೊಳ್ಳಿ. ಎರಡನೆಯ ನೋವು ಅರ್ಧ ಸೆಕೆಂಡೋ ಒಂದು ಸೆಕೆಂಡೋ ತಡವಾಗಿ ಬರುವುದು ಯಾಕೆ ಅಂತ ನೀವೇ ಲೆಕ್ಕ ಹಾಕಬಹುದು. ಅಷ್ಟರೊಳಗೆ ಮೊದಲ ಸುದ್ದಿ ಬೆನ್ನುಹುರಿ ಮುಟ್ಟಿ, ಕೈ ಹಿಂದಕ್ಕೆ ಬಂದಾಗಿರುತ್ತದೆ.

ಆಮೇಲೆ ನಾವೆಲ್ಲ ಮಾಡುವುದು ಒಂದೇ: ಇನ್ನೊಂದು ಕೈಯಲ್ಲಿ ಹೆಬ್ಬೆಟ್ಟನ್ನು ಗಟ್ಟಿಯಾಗಿ ಹಿಡಿದು ಒತ್ತುತ್ತೇವೆ, ಉಜ್ಜುತ್ತೇವೆ, ಕುಣಿಯುತ್ತೇವೆ. ಕುಣಿತಕ್ಕೆ ವಿಜ್ಞಾನದಲ್ಲಿ ಕಾರಣ ಹುಡುಕಬೇಕಾಗಿಲ್ಲ. ಉಜ್ಜುವುದಕ್ಕೆ ಇದೆ. ಸ್ಪರ್ಶದ ಸುದ್ದಿ ತರುವ ದಪ್ಪ ನರಗಳು ಬೆನ್ನುಹುರಿಯ ಹತ್ತಿರ ನೋವಿನ ಸುದ್ದಿಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಹೇಳಿದರು. ಅಜ್ಜಿ ಬಿದ್ದ ಮಗುವಿನ ಮೊಣಕಾಲು ಸವರುತ್ತಿದ್ದದ್ದು ಅದಕ್ಕಿಂತ ಬಹಳ ಮುಂಚಿನಿಂದ.

ಬೆರಳನ್ನು ಬಾಯಿಗೆ ಹಾಕಿಕೊಳ್ಳುವುದು ಮಾತ್ರ ಬೇಡ. ಚರ್ಮ ಒಡೆದಿದ್ದರೆ ಬಾಯಿಯ ಸೂಕ್ಷ್ಮಜೀವಿಗಳು ಗಾಯಕ್ಕೆ ಹೋಗುತ್ತವೆ. ಹರಿಯುವ ಶುದ್ಧ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ತಣ್ಣೀರಿನ ಬಟ್ಟೆಯನ್ನು 10–15 ನಿಮಿಷ ಇಡಿ. ಉಂಗುರ ಇದ್ದರೆ ಬೆರಳು ಊದುವ ಮೊದಲೇ ತೆಗೆಯಿರಿ. ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಂಡು ಕೂತುಕೊಳ್ಳಿ. ರಕ್ತ ಬರುತ್ತಿದ್ದರೆ ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ; ನಿಂತಿತಾ ನಿಂತಿತಾ ಅಂತ ಮತ್ತೆ ಮತ್ತೆ ಬಿಚ್ಚಿ ನೋಡಬೇಡಿ. ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ, ಜೇಡರ ಬಲೆ ಇವೆಲ್ಲ ಒಡೆದ ಗಾಯದ ಹತ್ತಿರ ಸುಳಿಯಬಾರದು. ಸುಣ್ಣ ಕ್ಷಾರ, ಹಸಿ ಮಾಂಸವನ್ನು ಸುಡುತ್ತದೆ. ಕಾಫಿಪುಡಿ ರಕ್ತ ನಿಲ್ಲಿಸಿದಂತೆ ಕಂಡರೂ, ಆಮೇಲೆ ಅದನ್ನು ಗಾಯದಿಂದ ಬಿಡಿಸುವ ನರ್ಸ್ ಅಕ್ಕನ ಪಾಡು ಕೇಳಿ.

ಇನ್ನು ರಾತ್ರಿ. ಹೆಬ್ಬೆಟ್ಟು ‘ದಬ್ ದಬ್’ ಎನ್ನುತ್ತಾ ನಿದ್ದೆ ಕೆಡಿಸುತ್ತದೆ. ಇನ್ನೊಂದು ಕೈಯಿಂದ ಕತ್ತಿನ ನಾಡಿ ಹಿಡಿದು ನೋಡಿ: ಎರಡರ ತಾಳವೂ ಒಂದೇ. ಉಗುರಿನ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಜಿನುಗಿದೆ. ಮೊಣಕೈಗೆ ಏಟು ಬಿದ್ದಿದ್ದರೆ ಚರ್ಮ ಊದಿಕೊಂಡು ಜಾಗ ಕೊಡುತ್ತಿತ್ತು. ಇಲ್ಲಿ ಮೇಲೆ ಗಟ್ಟಿ ಉಗುರು, ಕೆಳಗೆ ಮೂಳೆ, ನಡುವೆ ಊದಲು ಜಾಗವೇ ಇಲ್ಲ. ಹೃದಯ ಪ್ರತಿ ಸಲ ರಕ್ತ ತಳ್ಳಿದಾಗಲೂ ಆ ಇಕ್ಕಟ್ಟಿನಲ್ಲಿ ಒತ್ತಡ ಏರುತ್ತದೆ. ಕೈ ಜೋತುಬಿಟ್ಟರೆ ನೋವು ಹೆಚ್ಚು, ದಿಂಬಿನ ಮೇಲೆ ಎತ್ತರಕ್ಕೆ ಇಟ್ಟರೆ ಕಡಿಮೆ.

ನೋವು ತಡೆಯಲಾಗದಷ್ಟಿದ್ದರೆ ಡಾಕ್ಟರು ಮಾಡುವ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತದೆ, ನೋಡಿದರೆ ಆಶ್ಚರ್ಯವಾಗುತ್ತದೆ. ಕಾಯಿಸಿದ ಸಣ್ಣ ತಂತಿಯ ಉಪಕರಣದಿಂದಲೋ ಶುದ್ಧ ಮಾಡಿದ ಸೂಜಿಯಿಂದಲೋ ಉಗುರಿನ ನಡುವೆ ಪುಟ್ಟ ತೂತು ಮಾಡುತ್ತಾರೆ. ಉಗುರಿನಲ್ಲಿ ನರವಿಲ್ಲ, ಆದ್ದರಿಂದ ತೂತಿನ ನೋವಿಲ್ಲ. ಕಪ್ಪು ರಕ್ತದ ಒಂದು ಹನಿ ಮೇಲೆ ಉಕ್ಕುತ್ತದೆ, ಇನ್ನೊಂದು ಉಕ್ಕುತ್ತದೆ, ಮುಖ ಗಂಟಿಕ್ಕಿಕೊಂಡು ಕೂತಿದ್ದ ಹುಡುಗ ‘ಅಯ್ಯೋ, ಹೋಯ್ತಲ್ಲ!’ ಅಂತ ಕಣ್ಣರಳಿಸುತ್ತಾನೆ. ಒತ್ತಡ ಇಳಿಯಿತು, ನೋವೂ ಇಳಿಯಿತು. ಇದು ಏಟು ಬಿದ್ದ ಒಂದೆರಡು ದಿನದೊಳಗೆ, ರಕ್ತ ಹೆಪ್ಪುಗಟ್ಟುವ ಮುಂಚೆ ಆಗಬೇಕಾದ ಕೆಲಸ. ಮನೆಯಲ್ಲಿ ಪಿನ್ನು ಕಾಯಿಸಿ ಯಾರೂ ಇದನ್ನು ಮಾಡಬಾರದು, ನಿಮ್ಮ ಮಾವ ಎಷ್ಟೇ ಧೈರ್ಯಶಾಲಿಯಾದರೂ. ಬೆರಳ ತುದಿ ಮಡಚಲಾಗದಿದ್ದರೆ, ಸ್ಪರ್ಶ ತಿಳಿಯದಿದ್ದರೆ, ಉಗುರು ಸೀಳಿದ್ದರೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಬೇಕಾಗುತ್ತದೆ. ಬೇರೆ ಬೆರಳುಗಳಿಗೆ ಮೂರು ಮೂರು ಮೂಳೆ, ಹೆಬ್ಬೆಟ್ಟಿಗೆ ಎರಡೇ. ತುದಿಯದು ಉಗುರಿನ ನೇರ ಕೆಳಗಿದೆ, ಏಟು ಅದಕ್ಕೂ ಬಿದ್ದಿರಬಹುದು.

ನೋವೇನೋ ಕೆಲವು ದಿನದಲ್ಲಿ ಹೋಗುತ್ತದೆ. ಕಪ್ಪು ಹೋಗುವುದಿಲ್ಲ. ‘ಯಾಕ್ಲಾ, ಹೆಬ್ಬೆಟ್ಟು ಹಿಂಗಾಗೈತೆ?’ ಅಂತ ಕೇಳಿದವರಿಗೆಲ್ಲ ಕತೆ ಹೇಳಿ ಸಾಕಾಗುತ್ತದೆ. ಮೊಣಕಾಲಿನ ಏಟಿನ ಕಲೆ ಎರಡು ವಾರದಲ್ಲಿ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ ಮಾಯವಾಗುವುದನ್ನು ನೋಡಿದ್ದೀರಿ. ಅಲ್ಲಿ ಚೆಲ್ಲಿದ ರಕ್ತವನ್ನು ಜೀವಕೋಶಗಳು ತಿಂದು ಅರಗಿಸುತ್ತವೆ. ರಕ್ತದ ಕೆಂಪು ವಸ್ತು ಒಡೆಯುತ್ತಾ ಹೋದಂತೆ ಬಣ್ಣ ಬದಲಾಗುತ್ತದೆ. ಉಗುರಿನ ಅಡಿಗೆ ಅಂಟಿಕೊಂಡು ಒಣಗಿದ ರಕ್ತವನ್ನು ತಿನ್ನಲು ಅಲ್ಲಿ ಯಾವ ಜೀವಕೋಶವೂ ಬರುವುದಿಲ್ಲ. ಏಕೆಂದರೆ ನಮಗೆ ಕಾಣುವ ಉಗುರಿನಲ್ಲಿ ಜೀವವೇ ಇಲ್ಲ.

ಜೀವ ಇರುವುದು ಬುಡದಲ್ಲಿ. ಹೆಬ್ಬೆಟ್ಟಿನ ಉಗುರಿನ ಬುಡದಲ್ಲಿ ಅರ್ಧಚಂದ್ರದ ಹಾಗೆ ಬೆಳ್ಳಗೆ ಕಾಣುತ್ತದಲ್ಲ, ಅದು ಉಗುರು ತಯಾರಾಗುವ ಜಾಗದ ಒಂದು ತುದಿ. ಉಳಿದದ್ದು ಚರ್ಮದ ಮಡಿಕೆಯ ಒಳಗೆ ಅಡಗಿದೆ. ಅಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಹುಟ್ಟಿದವು ಚಪ್ಪಟೆಯಾಗಿ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಂಡು, ಸತ್ತು, ಹಿಂದಿನಿಂದ ಬರುವ ಹೊಸಬರು ತಳ್ಳಿದಂತೆ ಮುಂದೆ ಸರಿಯುತ್ತವೆ. ಕಪ್ಪು ಕಲೆಯೂ ಅವುಗಳ ಜೊತೆ ಸರಿಯುತ್ತದೆ. ಅದನ್ನು ಅಳೆಯಬಹುದು.

ಅಳೆದವರೊಬ್ಬರು ಇದ್ದರು. ಅಮೆರಿಕದ ವೈದ್ಯ ವಿಲಿಯಂ ಬೀನ್ ಪ್ರತಿ ತಿಂಗಳ ಮೊದಲ ದಿನ ತಮ್ಮ ಎಡ ಹೆಬ್ಬೆಟ್ಟಿನ ಉಗುರಿನ ಬುಡದಲ್ಲಿ ಅರದಿಂದ ಒಂದು ಸಣ್ಣ ಅಡ್ಡಗೆರೆ ಎಳೆದುಕೊಳ್ಳುತ್ತಿದ್ದರು. ಆ ಗೆರೆ ಉಗುರಿನ ತುದಿ ಮುಟ್ಟಲು ಎಷ್ಟು ದಿನ ಬೇಕು ಅಂತ ಬರೆದಿಡುತ್ತಿದ್ದರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, 35 ವರ್ಷ! 1980ರಲ್ಲಿ ಅದನ್ನು ಪ್ರಕಟಿಸಿದರು. ಅವರಿಗೆ 32 ವರ್ಷವಾಗಿದ್ದಾಗ ಉಗುರು ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿತ್ತು. 67ನೇ ವಯಸ್ಸಿಗೆ ಅದು 0.095ಕ್ಕೆ ಇಳಿದಿತ್ತು. ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಿರಲಿಲ್ಲ. ಒಂದು ಅರ, ಒಂದು ಪುಸ್ತಕ, ಮತ್ತು ತಿಂಗಳು ತಪ್ಪಿಸದ ಹಟ. ವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗಗಳಲ್ಲಿ ಇದೊಂದು.

ನೀವೂ ಮಾಡಿ. ಅರ ಬೇಡ, ಏಟು ಬಿದ್ದ ಉಗುರಿನಲ್ಲಿ ಕಪ್ಪು ಕಲೆಯೇ ಗುರುತು. ಏಟು ಬೀಳದ ಪುಣ್ಯವಂತರು ಅಳಿಸದ ಮಾರ್ಕರ್ ಪೆನ್ನಿನಿಂದ ಉಗುರಿನ ಬುಡದ ಚರ್ಮಕ್ಕೆ ತಾಗುವಂತೆ ಒಂದು ಚುಕ್ಕೆ ಇಟ್ಟುಕೊಂಡು, ಅದು ಮಸುಕಾದಾಗ ಅದೇ ಚುಕ್ಕೆಯ ಮೇಲೆ ಮತ್ತೆ ತಿದ್ದಿ. ವಾರಕ್ಕೊಮ್ಮೆ ಸ್ಕೇಲಿನಲ್ಲಿ ಅಳೆದು ಬರೆದಿಡಿ. ತಿಂಗಳಿಗೆ ಸುಮಾರು 3 ಮಿಲಿಮೀಟರ್ ಸಿಗಬೇಕು. ಹೆಬ್ಬೆಟ್ಟಿನ ಉಗುರು 14 ಮಿಲಿಮೀಟರ್ ಉದ್ದ ಇದ್ದರೆ ಪೂರ್ತಿ ಹೊಸದಾಗಲು ಸುಮಾರು ನಾಲ್ಕೂವರೆ ತಿಂಗಳು, ಅಂದರೆ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಭತ್ತ ನಾಟಿ ಮಾಡುವಾಗ ಏಟು ತಿಂದವರಿಗೆ ಕೊಯ್ಲಿನ ಹೊತ್ತಿಗೆ ಹೊಸ ಉಗುರು. ಕಾಲ್ಬೆರಳಿನದು ಬೆಳೆಯುವುದು ಇದರ ಅರ್ಧದಷ್ಟು ವೇಗದಲ್ಲಿ. ಹಾರೆ ಕಾಲಿನ ಮೇಲೆ ಬಿದ್ದವರು ಒಂದು ವರ್ಷದ ಮೇಲೂ ಕಾಯಬೇಕಾಗಬಹುದು. ಕೈಬೆರಳುಗಳಲ್ಲೂ ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ನಡುಬೆರಳಿನದು ಮುಂದು, ಹೆಬ್ಬೆಟ್ಟು ಮತ್ತು ಕಿರುಬೆರಳಿನದು ಹಿಂದು.

ಅಳೆಯುವಾಗ ಉಗುರಿನಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ? ಬೆಳ್ಳಕ್ಕಿ ಹಿಂಡು ಹಾರುವಾಗ ಉಗುರು ಉಜ್ಜಿ ಕೇಳಿಕೊಂಡರೆ ಅವು ಬಿಳಿ ಬಣ್ಣ ಕೊಟ್ಟು ಹೋಗುತ್ತವೆ ಅಂತ ಮಕ್ಕಳು ಆಡಿಕೊಳ್ಳುವುದುಂಟು. ದೊಡ್ಡವರು ಕ್ಯಾಲ್ಸಿಯಂ ಕಡಿಮೆ ಅನ್ನುತ್ತಾರೆ. ಎರಡರಲ್ಲಿ ಬೆಳ್ಳಕ್ಕಿಯ ಕತೆಯೇ ಚೆನ್ನಾಗಿದೆ, ಯಾಕೆಂದರೆ ಕ್ಯಾಲ್ಸಿಯಂ ಕತೆಯೂ ನಿಜವಲ್ಲ. ಸಾಮಾನ್ಯವಾಗಿ ಅವು ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪುಟ್ಟ ಪೆಟ್ಟಿನ ಗುರುತು. ಬೆಂಚಿಗೆ ತಾಗಿದ್ದು, ಉಗುರು ಕಚ್ಚಿದ್ದು. ಪೆಟ್ಟು ಬಿದ್ದು ವಾರಗಳಾದ ಮೇಲೆ ಚುಕ್ಕೆ ಹೊರಗೆ ಕಾಣುವುದರಿಂದ ನಮಗೆ ಕಾರಣ ಮರೆತುಹೋಗಿರುತ್ತದೆ.

ಹಕ್ಕಿಯ ಮಾತು ಬಂತಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆಯ ಉದ್ದ ಕೊಕ್ಕಿನ ಹೊರಕವಚ ನಿಮ್ಮ ಉಗುರಿನಂತೆಯೇ ಕೆರಾಟಿನ್. ಅದರ ಗರಿಯೂ ಕೆರಾಟಿನ್. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ತುಪ್ಪಟ, ಹಳ್ಳಿಕಾರ್ ಎತ್ತಿನ ಕೊಂಬಿನ ಹೊರಪದರ, ಅದರ ಗೊರಸು, ನಿಮ್ಮ ತಲೆಗೂದಲು ಎಲ್ಲವೂ ಅದೇ ಬಳಗ. ಎತ್ತಿಗೆ ಲಾಳ ಕಟ್ಟುವುದನ್ನು ನೋಡಿದಾಗ ‘ಪಾಪ, ಗೊರಸಿಗೆ ಮೊಳೆ ಹೊಡೆಯುತ್ತಾರಲ್ಲ’ ಅನ್ನಿಸುತ್ತದೆ. ಮೊಳೆ ಇಳಿಯುವುದು ಗೊರಸಿನ ಹೊರಗೋಡೆಗೆ, ಅಲ್ಲಿ ನರವಿಲ್ಲ. ಒಳಗಿನ ಜೀವದ ಭಾಗಕ್ಕೆ ತಾಗಿದರೆ ಎತ್ತು ಕುಂಟುತ್ತದೆ, ಅದಕ್ಕೇ ಲಾಳ ಕಟ್ಟುವವರು ಮೊಳೆಯ ಓರೆ ನೋಡಿ ನೋಡಿ ಹೊಡೆಯುತ್ತಾರೆ. ರೇಷ್ಮೆ ಮಾತ್ರ ಈ ಬಳಗಕ್ಕೆ ಸೇರುವುದಿಲ್ಲ. ಅದೂ ಪ್ರೋಟೀನೇ, ಆದರೆ ಫೈಬ್ರೊಯಿನ್ ಎಂಬ ಬೇರೆ ಪ್ರೋಟೀನ್. ಗಾಯಕ್ಕೆ ಹೊಲಿಗೆ ಹಾಕುವಾಗ ಡಾಕ್ಟರು ಬಳಸುವ ದಾರಗಳಲ್ಲಿ ರೇಷ್ಮೆಯದೂ ಒಂದು.

ಕೆಲವರ ಉಗುರು ಪೂರ್ತಿ ಕಳಚಿ ಬರುತ್ತದೆ. ಹೆದರಬೇಡಿ, ಅರ್ಧ ಬಿಟ್ಟಿದೆ ಅಂತ ಎಳೆಯಲೂ ಬೇಡಿ. ಹಳೆಯ ಉಗುರು ಇದ್ದಷ್ಟು ದಿನ ಕೆಳಗಿನ ಎಳೆ ಚರ್ಮಕ್ಕೆ ಮುಚ್ಚಳ. ಬಟ್ಟೆಗೆ ಸಿಕ್ಕಿಕೊಳ್ಳುವ ಅಂಚನ್ನು ಮಾತ್ರ ಕತ್ತರಿಸಿ, ಅಂಟದಿರುವ ಪಟ್ಟಿ ಕಟ್ಟಿಸಿಕೊಂಡರೆ ಸಾಕು. ಹೊಸ ಉಗುರು ಮೊದಲು ತೆಳ್ಳಗೆ, ಏರುತಗ್ಗಾಗಿ, ‘ಇದೇನು ಹೀಗೆ ಬಂತು’ ಅನ್ನುವಂತೆ ಬರುತ್ತದೆ. ಬುಡಕ್ಕೆ ಗಾಯವಾಗದಿದ್ದರೆ ಹೆಚ್ಚಾಗಿ ಮುಂದಿನ ಬೆಳವಣಿಗೆಯಲ್ಲಿ ನಯವಾಗುತ್ತದೆ. ಬುಡವೇ ಸೀಳಿದ್ದರೆ ಉಗುರಿನ ಮೇಲೆ ಒಂದು ಗೆರೆ ಬದುಕಿಡೀ ಉಳಿಯಬಹುದು. ಅದಕ್ಕೇ ಅಂಥ ಗಾಯವನ್ನು ಡಾಕ್ಟರು ನೋಡಬೇಕು.

ಉಗುರಿಲ್ಲದ ಆ ತಿಂಗಳುಗಳಲ್ಲಿ ಅದರ ಬೆಲೆ ಗೊತ್ತಾಗುವುದು ಅವರೆಕಾಯಿ ಕಾಲದಲ್ಲಿ. ಹಿತಕಿದ ಬೇಳೆ ಸಾರಿಗೆ ಮನೆಮಂದಿಯೆಲ್ಲ ಸುತ್ತ ಕೂತು ಕಾಳು ಹಿತಕುತ್ತಿದ್ದರೆ ನಿಮ್ಮ ಕಾಳು ಜಾರಿ ಜಾರಿ ಹೋಗುತ್ತದೆ. ಬೆಳ್ಳುಳ್ಳಿ ಸಿಪ್ಪೆ ಬಿಡುವುದಿಲ್ಲ. ನೆಲಕ್ಕೆ ಬಿದ್ದ ರೂಪಾಯಿ ಎತ್ತಲು ಆಗುವುದಿಲ್ಲ. ಉಗುರು ಚೂಪಿನ ಕೆಲಸಕ್ಕಷ್ಟೇ ಅಲ್ಲ. ಬೆರಳ ತುದಿಯ ಮೆತ್ತನೆ ಮಾಂಸ ಏನನ್ನಾದರೂ ಒತ್ತಿದಾಗ ಹಿಂದಿನಿಂದ ಅದಕ್ಕೆ ಒತ್ತಾಸೆ ಕೊಡುವುದೂ ಅದೇ. ಬೆರಳ ತುದಿಯಲ್ಲಿ ಎರಡು-ಮೂರು ಮಿಲಿಮೀಟರ್ ದೂರದ ಎರಡು ಚುಕ್ಕೆಗಳು ಬೇರೆ ಬೇರೆಯಾಗಿ ತಿಳಿಯುತ್ತವೆ. ಬೆನ್ನಿನ ಮೇಲೆ ನಾಲ್ಕು ಸೆಂಟಿಮೀಟರ್ ದೂರದವೂ ಒಂದೇ ಅನ್ನಿಸಬಹುದು. ಎರಡು ಪೆನ್ಸಿಲ್ ತುದಿ ಹಿಡಿದು ಗೆಳೆಯರ ಮೇಲೆ ಪರೀಕ್ಷಿಸಿ. ಮೆಲ್ಲಗೆ.

ಉಗುರಿನ ಪಕ್ಕದ ಚರ್ಮ ಕೆಂಪಾಗಿ, ಊದಿ, ಕೀವು ತುಂಬಿದರೆ ಅದು ಉಗುರುಸುತ್ತು. ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೋಪಿ ಹಾಕುವುದು ನಮ್ಮ ಕಡೆಯ ಹಳೆಯ ಮದ್ದು. ತಂಪಾಗುತ್ತದೆ, ಬೆರಳು ಎಲ್ಲಿಗೂ ತಾಗದಂತೆ ಕಾಯುತ್ತದೆ, ಅಷ್ಟರಮಟ್ಟಿಗೆ ಸರಿ. ಕೀವು ಕಟ್ಟಿದ ಮೇಲೆ ನಿಂಬೆಹಣ್ಣನ್ನು ಪಾನಕಕ್ಕೆ ಬಿಟ್ಟು ಆಸ್ಪತ್ರೆಗೆ ನಡೆಯಬೇಕು.

ಮಚ್ಚು, ಗುದ್ದಲಿ, ಮೊಳೆಯ ಗಾಯಕ್ಕೆ ಇನ್ನೊಂದು ಭಯ ಧನುರ್ವಾಯು. ತುಕ್ಕಿನಿಂದ ಬರುತ್ತದೆ ಅನ್ನುತ್ತಾರೆ. ತುಕ್ಕಿಗೂ ಅದಕ್ಕೂ ನೇರ ನಂಟಿಲ್ಲ. ಅದರ ಬ್ಯಾಕ್ಟೀರಿಯಾ ಬೀಜಾಣುವಾಗಿ ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ವರ್ಷಗಟ್ಟಲೆ ಕಾದಿರುತ್ತದೆ. ಗಾಳಿಯಾಡದ ಆಳದ ಗಾಯ ಸಿಕ್ಕರೆ ಎಚ್ಚೆತ್ತು, ಸ್ನಾಯುಗಳನ್ನು ಸೆಟೆಸುವ ವಿಷ ಬಿಡುತ್ತದೆ. ಕೊಟ್ಟಿಗೆಯಲ್ಲಿ ಬಿದ್ದಿರುವ ಮೊಳೆಗೆ ತುಕ್ಕೂ ಇರುತ್ತದೆ, ಮಣ್ಣೂ ಇರುತ್ತದೆ; ಹೆಸರು ಕೆಟ್ಟದ್ದು ತುಕ್ಕಿನದು. ಪುಟ್ಟ ಮಗುವಾಗಿದ್ದಾಗ ಹಾಕಿದ ಲಸಿಕೆಗಳ ಜೊತೆಗೆ 10 ಮತ್ತು 16ನೇ ವಯಸ್ಸಿನಲ್ಲಿ ಟಿ.ಡಿ. ಲಸಿಕೆಯನ್ನು ಸರ್ಕಾರ ಉಚಿತವಾಗಿ ಹಾಕಿಸುತ್ತದೆ. ನಿಮ್ಮದು ಆಗಿದೆಯೇ ಅಂತ ಆಶಾ ಅಕ್ಕನನ್ನು ಕೇಳಿ.

ಬೆರಳ ತುದಿಯೇ ತುಂಡಾದರೆ? ಇಂಗ್ಲೆಂಡಿನ ಶೆಫೀಲ್ಡ್ ಮಕ್ಕಳ ಆಸ್ಪತ್ರೆಯ ಡಾಕ್ಟರ್ ಸಿಂಥಿಯಾ ಇಲಿಂಗ್‌ವರ್ತ್ 1974ರಲ್ಲಿ ಒಂದು ವಿಚಿತ್ರ ವಿಷಯ ಬರೆದರು. ಬಾಗಿಲಿಗೆ ಸಿಕ್ಕಿ ಬೆರಳ ತುದಿ ಕಳೆದುಕೊಂಡ ಪುಟ್ಟ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡದೆ, ಗಾಯವನ್ನು ಶುದ್ಧವಾಗಿ ಕಟ್ಟಿಟ್ಟರೆ ತುದಿ ಮತ್ತೆ ಬೆಳೆಯುತ್ತಿತ್ತು, ಉಗುರಿನ ಸಮೇತ. ಅದು ಕೊನೆಯ ಗಂಟಿನ ಆಚೆಗೆ ತುಂಡಾದವರಲ್ಲಿ ಮಾತ್ರ. ಯಾಕೆ ಹಾಗೆ? 2013ರಲ್ಲಿ ನ್ಯೂಯಾರ್ಕಿನ ಮಯುಮಿ ಇಟೊ ಅವರ ತಂಡ ಇಲಿಗಳಲ್ಲಿ ನೋಡಿ ಹೇಳಿತು: ಉಗುರಿನ ಬುಡದಲ್ಲಿರುವ ಮೂಲಕೋಶಗಳು ಉಗುರನ್ನಷ್ಟೇ ಅಲ್ಲ, ಕೆಳಗಿನ ಮೂಳೆಯನ್ನೂ ಮತ್ತೆ ಬೆಳೆಯಲು ಎಬ್ಬಿಸುತ್ತವೆ. ಹಾಗಂತ ತಾನೇ ಬೆಳೆಯುತ್ತದೆ ಅಂತ ಮನೆಯಲ್ಲಿ ಕೂರುವ ಹಾಗಿಲ್ಲ. ತುಂಡಾದ ಭಾಗವನ್ನು ಶುದ್ಧ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಐಸು ನೇರವಾಗಿ ಅದಕ್ಕೆ ತಾಗಬಾರದು. ಬೆರಳು ಸಿಕ್ಕಿಕೊಂಡೀತು ಅಂತಲೇ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವ ಜಾಗದಲ್ಲಿ ನಿಮ್ಮನ್ನು ಗದರಿಸಿ ದೂರ ಕಳಿಸುತ್ತಾರಲ್ಲ, ಅವರ ಮೇಲೆ ಸಿಟ್ಟಾಗಬೇಡಿ. ಬಿಸಿ ಬೆಲ್ಲ ಕೇಳಲು ಇನ್ನೊಂದು ಬದಿಯಿಂದ ಬನ್ನಿ.

ಮುಂದಿನ ಸಲ ಮೊಳೆ ಹೊಡೆಯುವಾಗ ಅದನ್ನು ಬೆರಳಿನಿಂದ ಹಿಡಿಯಲೇಬೇಡಿ. ಒಂದು ತುಂಡು ರಟ್ಟಿಗೆ ಮೊಳೆ ಚುಚ್ಚಿ, ರಟ್ಟಿನ ಇನ್ನೊಂದು ತುದಿಯನ್ನು ಹಿಡಿದುಕೊಳ್ಳಿ. ಮೊಳೆ ನಿಂತ ಮೇಲೆ ರಟ್ಟನ್ನು ಹರಿದು ತೆಗೆಯಿರಿ. ಮೊದಲ ಏಟುಗಳು ಮೆಲ್ಲಗೆ ಇರಲಿ. ಸುತ್ತಿಗೆಯ ಕಾವು ಸಡಿಲವಾಗಿದ್ದರೆ ಆ ಕೆಲಸವೇ ನಾಳೆಗೆ.

ನಮ್ಮಲ್ಲಿ ಹೆಬ್ಬೆಟ್ಟಿಗೆ ಇನ್ನೊಂದು ಕೆಲಸವೂ ಇದೆ: ಸೊಸೈಟಿ ಅಂಗಡಿಯಲ್ಲಿ ಒತ್ತಿದರೆ ಅಕ್ಕಿ. ಬಂಗಾಳದ ಜಂಗೀಪುರದಲ್ಲಿ 1858ರಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಒಬ್ಬ ಗುತ್ತಿಗೆದಾರನ ಅಂಗೈ ಗುರುತನ್ನು ಒಪ್ಪಂದದ ಕಾಗದದ ಮೇಲೆ ಒತ್ತಿಸಿಕೊಂಡರು. ಆಮೇಲೆ ತಮ್ಮದೇ ಬೆರಳ ಗುರುತನ್ನು ದಶಕಗಳ ಅಂತರದಲ್ಲಿ ತೆಗೆದು, ಗೆರೆಗಳು ಬದಲಾಗಿಲ್ಲ ಅಂತ ತೋರಿಸಿದರು. ಗೆರೆಗಳ ವಿನ್ಯಾಸ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ. ಅದರ ಅಚ್ಚು ಚರ್ಮದ ಒಳಪದರ ಹೊರಪದರಗಳು ಸೇರುವ ಕಡೆ ಇರುವುದರಿಂದ, ಮೇಲಿನ ಚರ್ಮ ತರಚಿಹೋದರೂ ಗಾಯ ಮಾಗಿದಾಗ ಅದೇ ಗೆರೆ ಮರಳಿ ಬರುತ್ತದೆ. ಆಳಕ್ಕೆ ಇಳಿದ ಗಾಯ ಮಾತ್ರ ಕಲೆಯಾಗಿ ಗೆರೆಗಳ ನಡುವೆ ಉಳಿಯುತ್ತದೆ. ಸುಣ್ಣ, ಸಿಮೆಂಟು, ಕಬ್ಬಿನ ಗರಿಯಲ್ಲಿ ದುಡಿದ ಕೈಗಳಲ್ಲಿ ಗೆರೆ ಸವೆದು ಯಂತ್ರ ಒಪ್ಪದೆ ಹೋಗುವುದೂ ಇದೆ.

ಹಾಗಾದರೆ ಹೆಬ್ಬೆಟ್ಟಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿ ಅಕ್ಕಿ ತರುವುದು ಹೇಗೆ? ಆಧಾರ್‌ನಲ್ಲಿ ಹತ್ತೂ ಬೆರಳಿನ ಗುರುತು ಇದೆ, ಇನ್ನೊಂದನ್ನು ಒತ್ತಿದರಾಯಿತು.